ಕದಲಿಸದ ಪೂಜೆ

ಕೊಪ್ಪ
೧೨ ಅಕ್ಟೋಬರ್ ೨೦೦೮, ಭಾನುವಾರ

ಪ್ರೀತಿಯ ತಮ್ಮ ತ್ರ್ಯಂಬಕನಿಗೆ ಅಕ್ಕ ನೀಲಾಂಬಿಕೆಯ ಆಶೀರ್ವಾದಗಳು.

ಹೇಗಿದ್ದೀಯೋ? ಹೊಟ್ಟೆಯುರಿ ಕಡಿಮೆಯಾಯಿತೇ? ಮುಂಬೈಯಲ್ಲಿ ಮೂರು ಹೊತ್ತೂ ಹೋಟೆಲಿನ ಊಟವೇ ಎಂದು ಕೇಳಿದಾಗಿನಿಂದ ಅಮ್ಮನಿಗೆ ಒಂದೇ ಚಿಂತೆ. ಈ ಕಾಗದ ತರುವ ಶೃಂಗೇರಿಯ ಸಚ್ಚಿದಾನಂದ ಭಟ್ಟರ ಕೈಯಲ್ಲಿ ಪುನರ್ಪುಳಿ ಸಿಪ್ಪೆಯ ಪೊಟ್ಟಣವನ್ನೂ ಕೊಟ್ಟಿದ್ದೇನೆ. ನೀರಿನಲ್ಲಿ ನೆನೆಸಿ, ಬೆಲ್ಲ ಹಾಕಿಕೊಂಡು ಕುಡಿ. ಕಪಾಟಿನಲ್ಲಿಟ್ಟು ಮರೆಯಬೇಡ, ನಿನ್ನ ಗುಣ ನನಗೆ ಗೊತ್ತಿಲ್ಲದ್ದೇನಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ದೀಪಾವಳಿಗೆ ನೀನು ಬಂದೇ ಬರುತ್ತೀಯೆಂದು ನೀರು ತುಂಬುವ ಹಂಡೆಯನ್ನು ಈಗಲೇ ತಿಕ್ಕಿಸಿ ಇಟ್ಟಿದ್ದಾಳೆ. ನನ್ನ ಕೆಮ್ಮು ಬಿಟ್ಟಿದೆ.

ಕಂಪ್ಯೂಟರ್ ಆಟ ತಯಾರಿಸುವ ಆಫೀಸಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ನಾನು ಪೆನ್ನು ಹಿಡಿದು ಕಾಗದ ಬರೆಯುತ್ತಿರುವುದನ್ನು ಕಂಡು ನಗಬೇಡ. ಹೋದ ವಾರ ಫೋನು ಮಾಡಿದರೆ "ಅಕ್ಕಾ, ಇಲ್ಲಿಂದ ಮಾತಾಡಕ್ಕೆ ಆಗಲ್ಲ, ಎಲ್ಲ ಒಳ್ಳೇದೇ ಆಗ್ತದೆ" ಎಂದು ಇಟ್ಟುಬಿಟ್ಟೆ. ಮರುದಿನ ನಿನ್ನ ಮೊಬೈಲನ್ನು ಯಾರೋ ಹೆಂಗಸು ಎತ್ತಿ, ಸರ್ ಮೀಟಿಂಗಿನಲ್ಲಿದ್ದಾರೆ ಎಂದಳು. ಇನ್ನು ಇ-ಮೇಲ್ ವಿಷಯ. ನಮ್ಮ ಆಫೀಸನ್ನು ಕೊಂಡುಕೊಳ್ಳುವವರ ಕಡೆಯಿಂದ ಮೊನ್ನೆ ಇಬ್ಬರು ಇಲ್ಲಿಗೆ ಬಂದಿದ್ದರಲ್ಲ, ಅವರಲ್ಲಿ ಸಾಳ್ವಿ ಎನ್ನುವವನು ಮೆಟ್ಟಿಲು ಹತ್ತಿ ಕೈ ಮುಗಿದವನೇ "ಕೆಮ್ಮು ಹೇಗಿದೆ ಮೇಡಂ?" ಎಂದು ಕೇಳಿದ. ಸೌಜನ್ಯ ಎಂದುಕೊಂಡೆ. ಆಮೇಲೆ ಅಮ್ಮನ ಮಂಡಿಗೆ ಹಚ್ಚುವ ಎಣ್ಣೆಯ ಹೆಸರನ್ನೂ ತಾನೇ ಹೇಳಿ, ಅದರಿಂದ ಗುಣವಿದೆಯೇ ಎಂದ. ಎರಡನ್ನೂ ನಾನು ನಿನಗೊಬ್ಬನಿಗೇ ಬರೆದದ್ದು ತಮ್ಮಾ, ಆಫೀಸಿನ ಮೇಲ್‌ನಲ್ಲಿ. ಅವತ್ತಿನಿಂದ ಆ ಮೇಲ್ ತೆರೆಯಲು ನನಗೆ ಹೆದರಿಕೆ. ಭಟ್ಟರು ಹೋಮವೊಂದಕ್ಕೆ ಮುಂಬೈಗೆ ಹೊರಟಿದ್ದು ನನ್ನ ಪುಣ್ಯ.

ಈಗ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ನೀನು ಮರೆತಿರುವಂತೆ ಕಾಣುತ್ತದೆ. ನೀನು ಕಟ್ಟಿದ ಈ ಆಫೀಸನ್ನು ಮುಂಬೈ ಕಂಪನಿ ತೆಗೆದುಕೊಂಡ ವರ್ಷವೇ ಕಬಡ್ಡಿ ಆಟ ಶುರುವಾದದ್ದು. ನರಸಿಂಹರಾಜಪುರದ ಹಳೆಯ ಭತ್ತದ ಗೋದಾಮಿನಲ್ಲಿ ಸುತ್ತಲೂ ಕ್ಯಾಮೆರಾ ನಿಲ್ಲಿಸಿ, ಬಿಳಿ ಗುಂಡುಗಳನ್ನು ಅಂಟಿಸಿದ ಕಪ್ಪು ಉಡುಗೆ ತೊಡಿಸಿ, ಶೆಟ್ಟಿಕೊಪ್ಪದ ಹುಡುಗರನ್ನು ಆಡಿಸಿದೆವು. ಅವರ ಮೈಯ ಒಂದೊಂದು ಚಲನೆಯೂ ಕಂಪ್ಯೂಟರಿಗೆ ಹೋಗಬೇಕಿತ್ತು. ಅವರಲ್ಲಿ ವಾಸಪ್ಪ ಸಿಮೆಂಟಿನ ಮೇಲೆ ಕಾಲಿಡಲು ಒಪ್ಪಲೇ ಇಲ್ಲ. "ಮಣ್ಣಿಲ್ದೆ ಎಂತ ಕಬಡ್ಡಿ ಮಾರಾಯ್ರೆ" ಎಂದು ಕೂತುಬಿಟ್ಟ. ಕೊನೆಗೆ ಅವರ ಆಟದ ಬಯಲಿನಿಂದಲೇ ಮಣ್ಣು ತರಿಸಿ ಹರಡಿಸಿದೆ. ಅಂಕಣಕ್ಕೆ ಇಳಿಯುವಾಗ ಪ್ರತಿಯೊಬ್ಬನೂ ಬಗ್ಗಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಕ್ಯಾಮೆರಾದವನು ಅದನ್ನು ಕತ್ತರಿಸೋಣ ಎಂದರೆ ನೀನು "ಇರ್ಲಿ ಬಿಡಿ, ಅದೂ ಆಟವೇ" ಎಂದೆ. ಸೀತೂರಿನ ನವೀನ ಜ್ವರವೆಂದು ಬರದೇ ಹೋದಾಗ ಅವನ ಉಡುಗೆ ತೊಟ್ಟು ನಿಂತವನೂ ನೀನೇ. ಕನ್ನಡಕ ತೆಗೆದಿಟ್ಟು, ಗೆರೆ ಎಲ್ಲಿದೆ ಎಂದು ತಡಕಾಡುತ್ತಿದ್ದ ನಿನ್ನನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಅವತ್ತು ವಾಸಪ್ಪ ಕೇಳಿದ, "ಅಣ್ಣಾ, ನಮ್ಮ ಮೈ ಆ ಪೆಟ್ಟಿಗೆ ಒಳಗೆ ಹಾಕ್ಕೊಂಡು ಮುಂದೆ ಎಂತ ಮಾಡ್ತೀರಿ?" ನೀನು ಅದೇ ಮಣ್ಣು ಮುಟ್ಟಿ ಹೇಳಿದೆ, "ಕಬಡ್ಡಿ ಬಿಟ್ಟು ಬೇರೆ ಯಾವುದಕ್ಕೂ ಕೊಡಲ್ಲ ಮಾರಾಯ." ಅದನ್ನು ನಂಬಿ ಎಲ್ಲರೂ ಒಪ್ಪಿಗೆ ಕೊಟ್ಟದ್ದು ನಿನ್ನ ಹೆಸರಿಗೆ, ಕಂಪನಿಯ ಹೆಸರಿಗಲ್ಲ. ನಿನ್ನ ಸಹಿಯಿಲ್ಲದೆ ಅವರ ಮೈ ಎಲ್ಲಿಗೂ ಹೋಗುವಂತಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡವನೂ ನೀನೇ.

ಈಗ ಮುಂಬೈ ಕಂಪನಿ ಮುಳುಗುತ್ತಿದೆ, ಉಸಿರು ಉಳಿಸಿಕೊಳ್ಳಲು ನಮ್ಮನ್ನು ಮಾರುತ್ತಿದೆ. ಅದು ನನಗೂ ಅರ್ಥವಾಗುತ್ತದೆ. ಕೊಳ್ಳುವವರು ದೊಡ್ಡವರು, ನಮ್ಮ ಕಬಡ್ಡಿಯನ್ನು ಇನ್ನೂ ದೊಡ್ಡದು ಮಾಡುತ್ತಾರೆ ಎಂದು ನೀನು ಮಾರಾಟದ ಮಾತುಕತೆಗೆ ಮುಂಬೈಗೆ ಹೊರಡುವಾಗ ಹೇಳಿದ್ದೆ. ನಾನೂ ಆಫೀಸಿನ ಎಲ್ಲರಿಗೂ ಹಾಗೆಯೇ ಹೇಳಿ ಧೈರ್ಯ ತುಂಬಿದ್ದೆ. ಅವರು ಬರಲು ಆರಿಸಿಕೊಂಡದ್ದು ಆಯುಧ ಪೂಜೆಯ ದಿನ. ಎಂದಿನಂತೆ ಕಂಪ್ಯೂಟರುಗಳನ್ನೆಲ್ಲ ಒರೆಸಿ, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿದ್ದೆವು. ಆ ಕಪ್ಪು ಉಡುಗೆಯನ್ನು ಮಡಚಿ ನಡುವೆ ಇಟ್ಟು, ಅದರ ಪಕ್ಕದಲ್ಲಿ ಗೋದಾಮಿನ ಚಿತ್ರಣವೆಲ್ಲ ಇರುವ ಡಿಸ್ಕ್‌ಗಳನ್ನು ತಟ್ಟೆಯಲ್ಲಿ ಜೋಡಿಸಿದ್ದೆ. ವಾಸಪ್ಪನೂ ಉಳಿದ ಆಟಗಾರರೂ ಪ್ರತಿ ವರ್ಷದ ಹಾಗೆ ಪೂಜೆಗೆ ಬಂದಿದ್ದರು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ, ಬಾಳೆಲೆ ಹಾಕಿ ಊಟ ಬಡಿಸಿದೆವು. ಸಾಳ್ವಿ ಪಾಯಸವನ್ನು ಎರಡು ಸಲ ಹಾಕಿಸಿಕೊಂಡ. ಕೈ ತೊಳೆದವನೇ ಕಂಪ್ಯೂಟರ್ ಶುರು ಮಾಡಿ ಎಂದ. ಪೂಜೆಗಿಟ್ಟದ್ದನ್ನು ಕದಲಿಸುವವರೆಗೆ ಯಾರೂ ಮುಟ್ಟುವುದಿಲ್ಲ ಎಂದೆ. ಅವನು ಬೇಸರಿಸಿಕೊಳ್ಳಲಿಲ್ಲ, ಹಾಗಾದರೆ ನಮ್ಮದನ್ನೇ ನೋಡಿ, ನಿಮಗೆ ಸಂತೋಷವಾಗುತ್ತದೆ ಎಂದು ತನ್ನ ಲ್ಯಾಪ್‌ಟಾಪ್ ತೆರೆದ.

ಅದರಲ್ಲಿ ಕಬಡ್ಡಿ ಇರಲಿಲ್ಲ ತಮ್ಮಾ. ಸುಟ್ಟ ಊರು, ಹೊಗೆ, ಬಂದೂಕು ಹಿಡಿದ ಸಿಪಾಯಿಗಳು. ಯಾವುದೋ ದೇಶದ ಯುದ್ಧ. ಒಬ್ಬ ಸಿಪಾಯಿ ಗೋಡೆಯ ಮರೆಯಿಂದ ಹೊರಗೆ ಬರುತ್ತಾನೆ. ಮುಖ ಬೇರೆ, ಬಟ್ಟೆ ಬೇರೆ. ಆದರೆ ಬಂದವನು ಬಗ್ಗಿ, ಬಲಗೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಡಗಾಲು ಸ್ವಲ್ಪ ಹೊರಕ್ಕೆಸೆದು ನಡೆದ. ಆಮೇಲೆ ಗುಂಡು ತಗಲಿ ಬಿದ್ದ. ಆ ನಡಿಗೆ ವಾಸಪ್ಪನದು. ಶೆಟ್ಟಿಕೊಪ್ಪದ ಚಿಕ್ಕ ಮಕ್ಕಳಿಗೂ ಅದರ ಗುರುತಿದೆ. ಸಾಳ್ವಿಗೆ ಮಾತ್ರ ಏನೂ ತಿಳಿಯಲಿಲ್ಲ, ಆ ನೆಲ ಮುಟ್ಟುವುದು ಬಹಳ ಚೆನ್ನಾಗಿದೆ, ನಮ್ಮವರಿಗೆಲ್ಲ ಹಿಡಿಸಿದೆ ಎಂದು ಮತ್ತೆ ಮತ್ತೆ ತೋರಿಸಿದ. ಪ್ರತಿ ಸಲವೂ ವಾಸಪ್ಪ ಮಣ್ಣು ಕಣ್ಣಿಗೊತ್ತಿಕೊಂಡ, ಪ್ರತಿ ಸಲವೂ ಸತ್ತ. ನಿಜವಾದ ವಾಸಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ.

ಅವನ ಹೆಂಡತಿ ಚೇತನಾ ಈಗ ತುಂಬಿದ ಬಸುರಿ. ಬಸುರಿಯ ಗಂಡ ಹೆಣ ಹೊರಬಾರದು, ನೋಡಲೂಬಾರದು ಎಂದು ನಮ್ಮ ಕಡೆಯ ಪದ್ಧತಿಯಲ್ಲವೇ. ಹೋದ ತಿಂಗಳು ಸ್ವಂತ ದೊಡ್ಡಪ್ಪ ತೀರಿಕೊಂಡಾಗಲೂ ವಾಸಪ್ಪ ರಸ್ತೆಯಲ್ಲೇ ನಿಂತು ಕೈ ಮುಗಿದು ಬಂದಿದ್ದ. ಅಂಥವನಿಗೆ ಊಟ ಹಾಕಿದ ಜಾಗದಲ್ಲೇ ಅವನ ಹೆಣವನ್ನು ತೋರಿಸಿಬಿಟ್ಟೆವು. ನಿನ್ನ ಅಕ್ಕ ಇಂಥದ್ದನ್ನೆಲ್ಲ ಅಷ್ಟಾಗಿ ನಂಬುವವಳಲ್ಲ, ನಿನಗೇ ಗೊತ್ತು. ಆದರೂ ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಮರುದಿನ ದಸರಾ ಪಂದ್ಯಕ್ಕೆ ವಾಸಪ್ಪ ಅಂಕಣದ ಅಂಚಿನವರೆಗೆ ಬಂದವನು ಹಾಗೇ ತಿರುಗಿ ಹೋದನಂತೆ. ನಿನ್ನೆ ಅವನ ಮನೆಗೆ ಹೋಗಿದ್ದೆ. ಚೇತನಾಳಿಗೆ ಅವನು ಏನೂ ಹೇಳಿಲ್ಲ, ಆಟ ಯಾಕೆ ಬಿಟ್ಟಿರಿ ಎಂದು ಅವಳು ನನ್ನೆದುರೇ ಕೇಳಿದಳು. ವಾಸಪ್ಪ ನನ್ನನ್ನು ಕಳಿಸಲು ರಸ್ತೆಯವರೆಗೆ ಬಂದಾಗ "ಮಣ್ಣು ಮುಟ್ಟಕ್ಕೆ ಕೈ ಬರ್ತಿಲ್ಲ ಅಕ್ಕಾ, ಮುಟ್ಟಿದ ಕೂಡ್ಲೆ ಹಿಂದಿಂದ ಯಾರೋ ಹೊಡೀತಾರೆ ಅನ್ಸುತ್ತೆ" ಎಂದ. "ತ್ರ್ಯಂಬಕಣ್ಣಂಗೆ ಇದು ಗೊತ್ತುಂಟಾ?" ಎಂದೂ ಕೇಳಿದ. ಅವನಿಗೆ ಗೊತ್ತಿಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿ ಬಸ್ಸು ಹತ್ತಿದೆ.

ಯಾಕೆಂದರೆ ಪೂಜೆಯ ದಿನ ಸಾಳ್ವಿ ನನಗೆ ಬೇರೆಯೇ ಹೇಳಿದ್ದ. ನಿಮ್ಮ ತಮ್ಮ ಇದನ್ನು ನೋಡಿ ಮೆಚ್ಚಿದ್ದಾರೆ, ಸಹಿಯೊಂದು ಬಾಕಿ, ಮಾದರಿಗೆಂದು ಮುಂಬೈಗೆ ಕಳಿಸಿದ್ದ ನಾಲ್ಕಾರು ಚಲನೆಗಳಿಂದಲೇ ಇಷ್ಟು ಮಾಡಿದ್ದೇವೆ, ಪೂರ್ತಿ ಡಿಸ್ಕ್‌ ಸಿಕ್ಕಿದರೆ ಒಂದು ಸೈನ್ಯವನ್ನೇ ಮಾಡಬಹುದು ಎಂದ. ತಟ್ಟೆಗೆ ಕೈ ಹಾಕಲು ಬಂದಾಗ ನಾನು ಅಡ್ಡ ನಿಂತೆ. ಕದಲಿಸಿದ ಮೇಲೆ ಬನ್ನಿ ಎಂದೆ. ವಿಜಯದಶಮಿಯ ಬೆಳಿಗ್ಗೆ ಬಂದರು, ಇನ್ನೂ ಕದಲಿಸಿಲ್ಲ ಎಂದೆ. ಶುಕ್ರವಾರ ಕದಲಿಸಬಾರದು ಎಂದೆ, ಶನಿವಾರಕ್ಕೆ ಇನ್ನೊಂದು ನೆವ. ನಮ್ಮ ಪದ್ಧತಿಗಳಲ್ಲಿ ಅವನಿಗೆ ಗೊತ್ತಿಲ್ಲದ್ದು ಎಷ್ಟಿದೆಯೋ ಅಷ್ಟು ದಿನ ನನ್ನದು. ಬೈಯುವುದಿಲ್ಲ ಅವನು, ನಗುತ್ತಾನೆ, ಅದೇ ನನಗೆ ಭಯ. ಶೃಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದಾರೆ. ಅವರ ಬಿಳಿ ಕಾರು ದಿನವೂ ಬಂದು ನಮ್ಮ ಆಫೀಸಿನ ಎದುರು ನಿಲ್ಲುತ್ತದೆ, ಯಾರೂ ಇಳಿಯುವುದಿಲ್ಲ, ಸಂಜೆ ಹೋಗುತ್ತದೆ. ಬುಧವಾರ ಬಂದು ತೆಗೆದುಕೊಂಡೇ ಹೋಗುತ್ತೇವೆ, ಅಷ್ಟರಲ್ಲಿ ನಿಮ್ಮ ತಮ್ಮನ ಸಹಿಯೂ ಆಗಿರುತ್ತದೆ ಎಂದಿದ್ದಾರೆ.

ನೀನು ಸಹಿ ಹಾಕದಿದ್ದರೆ ಈ ಆಫೀಸು ಮುಚ್ಚುತ್ತದೆ. ಅದನ್ನು ನಾನು ಎಲ್ಲರೆದುರು ಬಾಯಿಬಿಟ್ಟೇ ಹೇಳಿದೆ. ನಿನ್ನ ಮೇಜಿನ ಪಕ್ಕ ಕೂರುವ ಶ್ರೀನಿಧಿ, ಮೊನ್ನೆಯಷ್ಟೇ ಮದುವೆ ಗೊತ್ತಾದವನು, ಕಣ್ಣು ಒರೆಸಿಕೊಂಡು "ಮುಚ್ಲಿ ಅಕ್ಕಾ" ಎಂದ. ಮಿಕ್ಕವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಅವರನ್ನು ದೂರುವುದು ಹೇಗೆ? ನನಗೂ ಈ ಬೀಗದಕೈ ಬಿಟ್ಟರೆ ಬೇರೆ ಕೆಲಸ ಬಾರದು. ಆದರೂ ಮುಚ್ಚಲಿ ತ್ರ್ಯಂಬಕ. ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿದೆ. ನೀನು ಅದನ್ನು ನೋಡಿ ಮೆಚ್ಚಿದೆ ಎಂಬುದನ್ನು ನಾನು ನಂಬಿಲ್ಲ, ನಂಬುವುದೂ ಇಲ್ಲ.

ಅಮ್ಮ ನೆನಪು ಮಾಡಿದ್ದಾಳೆ. ಆಫೀಸಿನ ಎಲ್ಲರೂ ಕೇಳಿದ್ದಾರೆ. ಊಟ ತಪ್ಪಿಸಬೇಡ, ಭಟ್ಟರಿಗೆ ನಿಂತಲ್ಲೇ ಉತ್ತರ ಬರೆದುಕೊಡು. ನಮ್ಮ ವೀರಭದ್ರಸ್ವಾಮಿ ನಿನ್ನ ಬೆನ್ನಿಗಿರಲಿ.

ನಿನ್ನ ಒಳ್ಳೆಯದನ್ನೇ ಬಯಸುವ ಅಕ್ಕ,
ನೀಲಾಂಬಿಕೆ

ಮತ್ತೆ: ಭಟ್ಟರು ಬಂದು ಜಗಲಿಯಲ್ಲಿ ಕೂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ನಾನು ಕಾಫಿಗೆ ಇಟ್ಟಿದ್ದಾಗ ನಿನ್ನ ಫೋನು ಬಂದಿತ್ತು, ಅಮ್ಮ ಎತ್ತಿದಳು. "ಅಕ್ಕಂಗೆ ಪೂಜೆ ಕದಲಿಸಕ್ಕೆ ಹೇಳು" ಎಂದಷ್ಟೇ ಹೇಳಿ ಇಟ್ಟೆಯಂತೆ. ಪೂಜೆ ಹಾಗೇ ಇದೆಯೆಂದು ನಿನಗೆ ನಾನು ಹೇಳಿಲ್ಲವಲ್ಲ. ನಿನ್ನ ಪಕ್ಕದಲ್ಲಿ ಯಾರಿದ್ದರು? ಇನ್ನೊಂದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ವಾಸಪ್ಪ ಬಿದ್ದ ಮೇಲೆ ಅವನನ್ನು ಎತ್ತಲು ಇನ್ನೊಬ್ಬ ಸಿಪಾಯಿ ಓಡಿ ಬರುತ್ತಾನೆ. ಬಗ್ಗುವ ಮೊದಲು ಮಣಿಕಟ್ಟಿನಿಂದ ಮೂಗಿನ ಮೇಲಿಲ್ಲದ ಕನ್ನಡಕವನ್ನು ಒತ್ತಿಕೊಳ್ಳುತ್ತಾನೆ, ನಾಲ್ಕನೇ ಕ್ಲಾಸಿನಿಂದ ನಾನು ಬೇಡ ಬೇಡವೆಂದು ಬೈದರೂ ನೀನು ಬಿಡದ ಆ ಅಭ್ಯಾಸ. ಅವನೂ ಅಲ್ಲೇ ಬೀಳುತ್ತಾನೆ. ಉಳಿದವರು ವಾಸಪ್ಪನನ್ನೇ ನೋಡುತ್ತಿದ್ದರು, ನಾನು ನಿನ್ನನ್ನು ನೋಡಿದೆ. ಸಹಿ ಹಾಕಬೇಡ. ಯಾರ ಮಾತನ್ನೂ ಕೇಳಬೇಡ, ಈ ಕಾಗದ ಮುಟ್ಟಿದ ಕೂಡಲೇ ಬಸ್ಸು ಹತ್ತು. ಹೂವೆಲ್ಲ ಒಣಗಿ ಉದುರಿದರೂ ನಾನು ಪೂಜೆ ಕದಲಿಸುವುದಿಲ್ಲ, ನೀನೇ ಬಂದು ಕದಲಿಸು.