ಕಿರಮಂಜಿ ಎಂಬ ಮಾತು

ಟೇಕಲ್
೧೪ ಅಕ್ಟೋಬರ್ ೧೯೪೬

ಲೀನಮ್ಮನವರಿಗೆ,

ನೀವು ತಿದ್ದಿ ತಿದ್ದಿ ಕಲಿಸಿದ ಅಕ್ಷರಗಳಲ್ಲೇ ಆವಲಮ್ಮ ಬರೆಯುತ್ತಿದ್ದೇನೆ. ವತ್ತು, ದೀರ್ಘ ತಪ್ಪಿದ್ದರೆ ಹಳೆಯ ವಿಶ್ವಾಸದ ಮೇಲೆ ಮನ್ನಿಸಿ. ಮನೆಯವರು ಚೆನ್ನಾಗಿದ್ದಾರೆ. ಅತ್ತೆ ಬಚ್ಚಮ್ಮನವರು ಮಾತ್ರ ಹೋದ ವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡರು. ಕೊನೆಯವರೆಗೂ ನಿಮ್ಮನ್ನು ಕಿರಮಂಜಿ ದೊರೆಸಾನಿ ಅಂತಲೇ ನೆನೆಯುತ್ತಿದ್ದರು.

ನಿಮ್ಮ ಕಾಗದ ನೀವು ಪಾಠ ಹೇಳುತ್ತಿದ್ದ ಮಾಲೂರಿನ ಶಾಲೆಗೆ ಬಂದು, ಅಲ್ಲಿನ ಉಪಾಧ್ಯಾಯಿನಿ ಶ್ಯಾಮಲಮ್ಮನವರ ಕೈಯಿಂದ ನನಗೆ ಸೇರಿತು. ಸಾತಾರಾ ಕಡೆಯ ಕ್ಯಾಂಪಿನಿಂದ ಬಿಡುತ್ತಾರೆ, ಮುಂದಿನ ತಿಂಗಳು ಜರ್ಮನಿಗೆ ಹಡಗು ಹತ್ತಿಸುತ್ತಾರೆ ಎಂದು ಓದಿ ಸಂತೋಷಪಟ್ಟೆ. ಇಷ್ಟು ದೊಡ್ಡ ಯುದ್ಧ ಕಳೆದರೂ ನಿಮ್ಮ ತಂದೆಯವರು ಬದುಕಿದ್ದಾರೆ, ಕಣ್ಣು ಮಾತ್ರ ಹೋಗಿದೆ ಎನ್ನುವಲ್ಲಿಗೆ ಬಂದಾಗ ಕಾಗದ ಮಡಿಚಿಟ್ಟೆ. ಮುಂದೆ ಏನು ಕೇಳಿರುತ್ತೀರೆಂದು ಗೊತ್ತಿತ್ತು. ಸಂಜೆ ಬಿಚ್ಚಿ ನೋಡಿದರೆ ಅದೇ. ಬಣ್ಣದ ಮಾತುಗಳ ನೋಟುಬುಕ್ಕು ಕಳಿಸಿಕೊಡು, ಅಪ್ಪನ ಪಕ್ಕದಲ್ಲಿ ಕೂತು ಓದಿ ಹೇಳಬೇಕು ಎಂದಿದ್ದೀರಿ.

ಉತ್ತರ ಹೇಳುತ್ತೇನೆ. ಅದಕ್ಕೆ ಮುಂಚೆ ಹಳೆಯದನ್ನು ಸ್ವಲ್ಪ ನೆನೆಯಲು ಬಿಡಿ, ಬರೆಯುವ ಕೈಗೆ ಧೈರ್ಯ ಬರಲಿ.

ಮೂವತ್ತೇಳನೇ ಇಸವಿಯಲ್ಲಿ ನೀವು ಶಾಲೆಗೆ ರಜೆಯಿದ್ದ ಒಂದು ಶನಿವಾರ ಮಾಲೂರಿನಿಂದ ರೈಲಿನಲ್ಲಿ ಬಂದಿರಿ. ರೇಷ್ಮೆ ಹುಳ ಸಾಕುವ ಮನೆ ಯಾವುದೆಂದು ಕೇಳಿಕೊಂಡು ನಮ್ಮ ಜಗಲಿಗೆ ಬಂದು ಕೂತಿರಿ. ಕೈಯಲ್ಲಿ ಒಂದು ಎಳೆ ರೇಷ್ಮೆ ಇತ್ತು. ಇದರ ಬಣ್ಣಕ್ಕೆ ಏನನ್ನುತ್ತೀರಿ ಎಂದು ಕೇಳಿದಿರಿ. ನಾನು ಕೆಂಪು ಅಂದೆ. ಒಳಗಿದ್ದ ಅತ್ತೆ ಬಂದು ಎಳೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಬರೀ ಕೆಂಪಲ್ಲಮ್ಮ, ಕಿರಮಂಜಿ," ಅಂದರು.

ಆಗ ನಿಮ್ಮ ಮುಖ ನೋಡಬೇಕಿತ್ತು. ದೂರದೂರಲ್ಲಿ ಸ್ವಂತ ತಂಗಿಯನ್ನು ಕಂಡವರ ಹಾಗೆ ಅತ್ತೆಯ ಕೈ ಹಿಡಿದುಕೊಂಡಿರಿ. ನಿಮ್ಮ ಭಾಷೆಯಲ್ಲಿ ಇದು ಕಾರ್ಮೆಸಿನ್, ಇಂಗ್ಲಿಷಿನವರಿಗೆ ಕ್ರಿಮ್ಸನ್, ಇಟಲಿಯವರಿಗೆ ಕ್ರೆಮಿಸಿ, ಫ್ರೆಂಚರಿಗೆ ಕ್ರಮ್ವಾಜಿ ಎಂದಿರಿ. ಎಲ್ಲವೂ ಒಂದೇ ಬೇರಿನವು. ಹಿಂದಿನ ಕಾಲದಲ್ಲಿ ಸಮುದ್ರದ ದಡದ ಓಕ್ ಮರಗಳ ಮೇಲೆ ಕಡಲೆಕಾಳಿನಷ್ಟು ಹುಳ ಕೂರುತ್ತಿತ್ತು, ಅದನ್ನು ಒಣಗಿಸಿ ಅರೆದರೆ ಈ ಬಣ್ಣ ಬರುತ್ತಿತ್ತು, ಪರ್ಷಿಯಾದವರು ಹುಳಕ್ಕೆ ಕಿರ್ಮ್ ಎನ್ನುತ್ತಿದ್ದರು, ನಮ್ಮ ಕ್ರಿಮಿಯೂ ಅದರ ನೆಂಟ, ಅರಬರ ಗಂಟುಮೂಟೆಯಲ್ಲಿ ಆ ಮಾತು ಅತ್ತ ನಿಮ್ಮೂರಿಗೂ ಹೋಯಿತು, ಇತ್ತ ನಮ್ಮೂರಿಗೂ ಬಂತು ಎಂದಿರಿ. ರಾಜರು ಹೊದೆಯುವ ಬಣ್ಣಕ್ಕೆ ಹುಳದ ಹೆಸರೇ ಎಂದು ನಾನು ಕೇಳಿದೆ. "ಹುಳದ ಹೆಸರೇ, ಆವಲಮ್ಮ," ಎಂದು ನಕ್ಕಿರಿ.

ಮೂರು ವರ್ಷ ಬಂದಿರಿ. ನಾನು ನಮ್ಮ ಕಡೆಯ ಒಂದು ಮಾತು ಹೇಳಿದರೆ ನೀವು ಒಂದು ಅಕ್ಷರ ಕಲಿಸುತ್ತಿದ್ದಿರಿ. ಪೊರೆ ಬಿಡುವ ಮುಂಚೆ ಹುಳ ಜ್ವರ ಬಿದ್ದು ತಲೆಯೆತ್ತಿ ಮಲಗುತ್ತವೆ ಅಂದಾಗ, ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುತ್ತವೆ ಅಂದಾಗ, ಪೆನ್ಸಿಲ್ಲನ್ನು ತುಟಿಗೆ ಒತ್ತಿ, ಆಮೇಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಿರಿ. ನೀವು ಹೋದ ಮೇಲೆ ನಾನು ತಟ್ಟೆಗಳಿಗೆ ಸೊಪ್ಪು ಹಾಕುತ್ತಾ ಕ್ರೆಮಿಸಿ, ಕ್ರಮ್ವಾಜಿ ಎಂದು ಹುಳಗಳಿಗೆ ಹೇಳುತ್ತಿದ್ದೆ. ಕತ್ತಲುಗಟ್ಟಿದ ಆ ಕೋಣೆಯಲ್ಲಿ ಅವು ಸೊಪ್ಪು ತಿನ್ನುವ ಸರಸರ ಕೇಳುತ್ತಾ ನಿಂತರೆ, ನಾನು ನೋಡದ ಊರುಗಳ ಹೆಂಗಸರು ಪಕ್ಕದ ತಟ್ಟೆಗೆ ಸೊಪ್ಪು ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು. ಒಬ್ಬಳು ಇಟಲಿಯವಳು, ಒಬ್ಬಳು ಪೋಲೆಂಡಿನವಳು. ಮಾತು ಬಾರದಿದ್ದರೂ ಬಣ್ಣ ತೋರಿಸಿದರೆ ಸಾಕು, ತಲೆಯಾಡಿಸುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಕೋಲಾರ ಬಿಟ್ಟು ಆಚೆ ಹೋಗದವಳು ನಾನು. ಆ ಮೂರು ವರ್ಷ ಎಲ್ಲೆಲ್ಲೋ ಓಡಾಡಿದೆ.

ನಲವತ್ತನೇ ಇಸವಿಯ ಜೂನಿನಲ್ಲಿ ನೀವು ಕೊನೆಯ ಸಲ ಬಂದಾಗ ಮುಖ ಬಾಡಿತ್ತು. ಜರ್ಮನಿಯವರನ್ನೆಲ್ಲ ಹಿಡಿದು ಕೂಡಿಹಾಕುತ್ತಿದ್ದಾರೆ, ಈ ಪುಸ್ತಕ ಪೊಲೀಸರ ಕೈಗೆ ಸಿಕ್ಕರೆ ಗುಟ್ಟಿನ ಭಾಷೆ ಅಂದುಕೊಳ್ಳುತ್ತಾರೆ ಎಂದು ನನ್ನ ಮಡಿಲಿಗೆ ಇಟ್ಟಿರಿ. "ಅಪ್ಪ ಮೂವತ್ತು ವರ್ಷ ಹುಡುಕಿದ್ದು, ನಾನು ಇಲ್ಲಿ ಸೇರಿಸಿದ್ದು, ಎಲ್ಲಾ ಇದರಲ್ಲಿದೆ," ಎಂದಿರಿ.

ಅದರ ಮುಂದಿನ ಬುಧವಾರ ಇನ್‌ಸ್ಪೆಕ್ಟರ್ ಬಂದರು. ದೊರೆಸಾನಿ ನಿನಗೆ ಏನಾಗಬೇಕು ಎಂದು ಕೇಳಿದರು. ಗೂಡು ನೋಡಲು ಬರುತ್ತಿದ್ದರು, ಹೆಸರೂ ಗೊತ್ತಿಲ್ಲ ಎಂದುಬಿಟ್ಟೆ. ಮೂರು ವರ್ಷ ಒಂದೇ ಚಾಪೆಯ ಮೇಲೆ ಕೂತವರ ಬಗ್ಗೆ ಹಾಗೆ ಹೇಳಿದೆ. ಅವರು ಅಕ್ಕಿ ಮಡಕೆಯವರೆಗೂ ಹುಡುಕಿದರು. ಪುಸ್ತಕ ಹುಳದ ತಟ್ಟೆಯಲ್ಲಿ ಸೊಪ್ಪಿನ ಅಡಿಯಲ್ಲಿತ್ತು, ಸಿಗಲಿಲ್ಲ. ಮತ್ತೆ ಬರುತ್ತೇವೆಂದು ಹೋದರು. ನಮ್ಮ ಮನೆಯವರು ಮುನಿಯಲ್ಲಪ್ಪ ಹೆದರುವ ಮನುಷ್ಯ, ನಿಮಗೆ ಗೊತ್ತು. ಗೂಡು ಬೇಯಿಸುವ ಒಲೆಗೆ ಪುಸ್ತಕವನ್ನು ಹಾಕಿಬಿಟ್ಟರು.

ಲೀನಮ್ಮ, ನಿಮ್ಮ ಪುಸ್ತಕ ಆರು ವರ್ಷದಿಂದ ಇಲ್ಲ. ಮರುವರ್ಷ ಕ್ಯಾಂಪಿನಿಂದ ಕೇಳಿದಾಗ ಜೋಪಾನವಾಗಿದೆ ಎಂದು ಬರೆದೆನಲ್ಲ, ಅದು ಸುಳ್ಳು. ಒಳಗಿರುವವರಿಗೆ ಅಷ್ಟಾದರೂ ನೆಮ್ಮದಿ ಇರಲಿ ಎಂದುಕೊಂಡೆ.

ಈ ಹತ್ತು ದಿನ ನೆನಪಿದ್ದದ್ದನ್ನೆಲ್ಲ ಬರೆದಿದ್ದೇನೆ, ಇಪ್ಪತ್ತಮೂರು ಹಾಳೆ ಇದರ ಜೊತೆಗಿದೆ. ಕಾರ್ಮೆಸಿನ್‌ನಿಂದ ಹಿಡಿದು ಸ್ಪೇನಿನ ಕಾರ್ಮೆಸಿವರೆಗೂ ಇದೆ. ಇಂಗ್ಲಿಷಿನ ವರ್ಮಿಲಿಯನ್ ಕಲ್ಲಿನ ಪುಡಿಯ ಬಣ್ಣವಾದರೂ ಲ್ಯಾಟಿನ್ನಿನ ಪುಟ್ಟ ಹುಳದ ಹೆಸರು ಹೊತ್ತಿದೆ ಎಂದದ್ದೂ ಇದೆ. ಪೋಲೆಂಡಿನವರು ಕೆಂಪಿಗೆಲ್ಲ ಹುಳದ ಹೆಸರನ್ನೇ ಇಟ್ಟಿದ್ದಾರೆ ಎಂದಿದ್ದಿರಿ. ಆ ಮಾತು ಚೆರ್ ಎಂದು ಶುರುವಾಗುತ್ತದೆ, ಮುಂದೆ ನಾಲಿಗೆಗೆ ಬರಲಿಲ್ಲ, ಜಾಗ ಬಿಟ್ಟಿದ್ದೇನೆ. ನಮ್ಮ ಊರಿನ ಬಾಯಿಯಲ್ಲಿ ಉಳಿದ ಹಾಗೆ ಬರೆದಿದ್ದೇನೆ. ತಂದೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ತಪ್ಪು ಕೇಳಿದರೆ ಅವರು ತಿದ್ದುತ್ತಾರೆ. ತಿದ್ದುವ ಕೆಲಸವಾದರೂ ಒಂದು ಸಿಕ್ಕಂತಾಗುತ್ತದೆ.

ಹಡಗಿನ ದಾರಿ ಸುಖವಾಗಿರಲಿ.

ನಿಮ್ಮ ಶಿಷ್ಯೆ,
ಆವಲಮ್ಮ

ಅಂಚೆಗೆ ಹಾಕಲು ಹೋಗಿ ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ. ಮನೆಯವರ ಮೇಲೆ ಹಾಕಿದ್ದು ಸುಳ್ಳು. ಆ ದಿನ ಅವರು ನರಸಾಪುರಕ್ಕೆ ಹೋಗಿದ್ದರು. ಪೊಲೀಸರು ಹೋದ ಮೇಲೆ ನಾನೊಬ್ಬಳೇ ಕೂತು ಪುಸ್ತಕ ಬಿಚ್ಚಿ ನನ್ನ ಹೆಸರು ಹುಡುಕಿದೆ. ಕನ್ನಡದಲ್ಲಿ ನಾನು ಕೊಟ್ಟ ಮಾತುಗಳೆಲ್ಲ ಇದ್ದವು, ಅತ್ತೆಯ ಹೆಸರಿತ್ತು, ಊರಿನ ಹೆಸರಿತ್ತು. ನನ್ನದು ಎಲ್ಲೂ ಇರಲಿಲ್ಲ. ಹೊಟ್ಟೆ ಉರಿದು ನಾನೇ ಒಲೆಗೆ ಹಾಕಿದೆ. ಪ್ರತಿ ಹಾಳೆಯ ಅಂಚಿನಲ್ಲೂ ನನಗೆ ಓದಲು ಬಾರದ ನಿಮ್ಮ ಭಾಷೆಯ ಅಕ್ಷರದಲ್ಲಿ ಒಂದೇ ಚಿಕ್ಕ ಮಾತು ಮತ್ತೆ ಮತ್ತೆ ಬರೆದಿತ್ತು. ಅದು ನನ್ನ ಹೆಸರೇ ಇರಬಹುದು ಎಂದು ಹೊಳೆದಾಗ ಬೂದಿ ಆರಿತ್ತು. ಅದು ಏನೆಂದು ಬರೆಯಿರಿ, ಲೀನಮ್ಮ. ನನ್ನ ಹೆಸರಲ್ಲದಿದ್ದರೂ ಬರೆಯಿರಿ.