ನಡೆಯುತ್ತಾರೆ ಎಂದು ನಾನು ಹೇಳಿದ್ದು

ನೋಯ್ಡಾ
9 ಫೆಬ್ರವರಿ 2025

ಸುದರ್ಶನ್,

ನಮಸ್ಕಾರ ಎಂದು ಬರೆಯುವಷ್ಟು ದೂರದವರು ನಾವಿನ್ನೂ ಆಗಿಲ್ಲ ಎಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಹೇಳಬೇಕಾದದ್ದು ಉಳಿದೇಹೋಗುತ್ತದೆ. ಅದಕ್ಕೇ ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಕೊನೆಯವರೆಗೂ ಓದು.

ಮಾವನ ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದೆ ಎಂದಾಗ ನೀನು ಕೇಳಿದ್ದು ಒಂದೇ, ಎಷ್ಟು ತಿಂಗಳು ಎಂದು. ಆರು ತಿಂಗಳಿಗೂ ಹೆಚ್ಚು ಎಂದು ನಾನು ಹೇಳಿದ್ದೆ. ಹಾಗಾದರೆ ಕಾಲೇಜಿನ ಪರೀಕ್ಷೆ ಕೆಲಸ ಮುಗಿಸಿಕೊಂಡು ಏಪ್ರಿಲಿನಲ್ಲಿ ಮೈಸೂರಿನಿಂದ ಬರುತ್ತೇನೆ ಎಂದೆ ನೀನು. ಆ ಅಂದಾಜು ಸುಳ್ಳು. ಸುಳ್ಳು ಮಾಡಿದವಳು ನಾನು.

ರೇಡಿಯೋಥೆರಪಿಗೆ ಮೊದಲು ಡಾಕ್ಟರ್ ರಜತ್ ಒಂದು ಹಾಳೆ ತುಂಬುತ್ತಾರೆ. ಕ್ಯಾನ್ಸರ್ ಎಲ್ಲಿ ಹುಟ್ಟಿದ್ದು, ಬೇರೆಲ್ಲಿಗೆ ಹರಡಿದೆ, ರೋಗಿ ನಡೆಯುತ್ತಾರೋ ಇಲ್ಲವೋ, ಒಂದೊಂದಕ್ಕೂ ಅಂಕ. ಕೂಡಿಸಿದರೆ ಇನ್ನೆಷ್ಟು ಕಾಲ ಎಂಬ ಅಂದಾಜು ಸಿಗುತ್ತದೆ. ಮಾವ ಅಂದು ವೀಲ್‌ಚೇರಿನಿಂದ ಎದ್ದು, ಮೇಜು ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಅವರ ಹಟ ನಿನಗೆ ಗೊತ್ತಲ್ಲ. ಡಾಕ್ಟರ್ ನನ್ನ ಕಡೆ ತಿರುಗಿ, ಮನೆಯಲ್ಲೂ ನಡೆಯುತ್ತಾರಾ ಎಂದು ಹಿಂದಿಯಲ್ಲಿ ಕೇಳಿದರು.

"ಹಾಂ ಜೀ," ಎಂದೆ.

ಮನೆಯಲ್ಲಿ ಹತ್ತು ದಿನದಿಂದ ಅವರನ್ನು ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದವರು ನಾನು ಮತ್ತು ಪಕ್ಕದ ಫ್ಲಾಟಿನ ವಿಜಯಮ್ಮ.

ದಿನ ಕಡಿಮೆ ಎಂದು ತಿಳಿದರೆ ನೀನು ಓಡಿ ಬಂದು ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೀಯ ಎಂಬ ಭಯ. ಮಗ ನೀನು, ತಡೆಯಲು ನಾನು ಯಾರು? ನೀನು ಬಿಟ್ಟುಹೋದ ಮೇಲೆ ಈ ಮನೆಯಲ್ಲಿ ನನಗಾಗಿ ಊಟಕ್ಕೆ ಕಾಯುವವರು ಅವರೊಬ್ಬರೇ. ಅವರನ್ನೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಇದಕ್ಕೆ ಒಳ್ಳೆಯ ಹೆಸರೇನೂ ಕೊಡುವುದಿಲ್ಲ.

ನನ್ನ ಸುಳ್ಳಿಗೆ ನೋವು ತಿಂದವರು ಅವರು. ಹೆಚ್ಚು ದಿನ ಇರುವವರಿಗೆ ಹತ್ತು ಸಲ ಕಿರಣ ಕೊಡುತ್ತಾರೆ, ಇಲ್ಲದವರಿಗೆ ಒಂದೇ ಸಲ ಸಾಕು. ಹತ್ತು ದಿನ ಕ್ಯಾಬಿನಲ್ಲಿ ದೆಹಲಿಗೆ ಹೋಗಿಬರುವಾಗ ರಸ್ತೆಯ ಪ್ರತಿ ಉಬ್ಬಿಗೂ ನನ್ನ ಕೈ ಹಿಸುಕಿದರು. ಗಟ್ಟಿ ಹಲಗೆಯ ಮೇಲೆ ಅಲುಗದೆ ಮಲಗಿದರು. ಏಳನೆಯ ದಿನ, ನಾಳೆ ರಜೆಯಾ ಎಂದು ಕೇಳಿದರು. ಇಲ್ಲ ಎಂದೆ.

ಮೊನ್ನೆ ಡಾಕ್ಟರಿಗೆ ನಿಜ ಹೇಳಿದೆ. ಬೈಯಲಿಲ್ಲ. ಹಳೆಯ ಹಾಳೆ ತೆಗೆದು, ನಡಿಗೆಗೆ ಕೊಟ್ಟ ಅಂಕ ಹೊಡೆದುಹಾಕಿ, ಮತ್ತೆ ಕೂಡಿಸಿದರು. ಮನೆಗೆ ಬಂದು ಮಾವನಿಗೂ ಹೇಳಿದೆ.

"ನೀನು ಹೇಳಿದ್ದು ಅವತ್ತೇ ಕೇಳಿಸಿತ್ತಲ್ಲಮ್ಮ," ಎಂದರು. "ನನಗೂ ಇಲ್ಲಿಂದ ಹೋಗೋದು ಬೇಕಿರಲಿಲ್ಲ. ಅವನೇ ಬರಲಿ."

ಬಾ ಸುದರ್ಶನ್. ಬಂದು ಅವರ ಪಕ್ಕ ಕೂತುಕೋ. ನನ್ನ ಮೇಲೆ ಎಷ್ಟು ಸಿಟ್ಟು ಬೇಕಾದರೂ ಮಾಡಿಕೋ, ಆದರೆ ಇಲ್ಲಿಗೆ ಬಂದು ಮಾಡಿಕೋ.

ಸಂಯುಕ್ತಾ

ತಾ.ಕ.: ಹೊಸ ಅಂದಾಜು ಎಷ್ಟು ಎಂದು ಕೇಳುತ್ತೀಯ. ನನಗೆ ಗೊತ್ತು, ಬರೆಯುವುದಿಲ್ಲ. ಬರೆದರೆ ಅದಕ್ಕೆ ಸರಿಯಾಗಿ ರಜೆ ಹಾಕುತ್ತೀಯ. ನಿನ್ನೆ ಸಂಜೆಯಿಂದ ಮಾವ ನನ್ನನ್ನು ಸುದರ್ಶನ್ ಎಂದು ಕರೆಯುತ್ತಿದ್ದಾರೆ. ನಾನು ಓಗೊಡುತ್ತಿದ್ದೇನೆ.