ಗುರುತು ಬಿಟ್ಟು ಇಟ್ಟ ತೋಳು

ತಾರೀಖು ೧೧, ಗುರುವಾರ
ಹೋಟೆಲಿನ ನಾಲ್ಕನೇ ಮಹಡಿಯಿಂದ

ದೊಡ್ಡ ಮಗಳಿಗೆ,

ಮಂಡಿ ಒಂದು ಬಿಟ್ಟರೆ ನಿನ್ನ ಅಪ್ಪ ಗಟ್ಟಿಯಾಗಿಯೇ ಇದ್ದಾನೆ. ನೀನೂ ನಿನ್ನ ಗಂಡನೂ ಆರಾಮಾಗಿದ್ದೀರಿ ಎಂದು ನಿನ್ನ ಮಗಳು ಚೋಟು ದಿನಾ ಹೇಳುತ್ತಾಳೆ, ಹಾಗಾಗಿ ಅದನ್ನು ಮತ್ತೆ ಕೇಳಿ ಜಾಗ ಹಾಳು ಮಾಡುವುದಿಲ್ಲ. ವಿಮಾನ ಇಳಿದ ದಿನವೇ ಕಾಗದ ಬರೆಯುತ್ತೇನೆ ಎಂದಿದ್ದೆ, ಎಂಟನೇ ದಿನಕ್ಕೆ ಕೂತಿದ್ದೇನೆ. ತಪ್ಪು ನನ್ನದೇ. ಉಳಿದವರೆಲ್ಲ ಬೆಳಿಗ್ಗೆಯೇ ದೋಣಿಯಲ್ಲಿ ನದಿ ನೋಡಲು ಹೋದರು. ನೀರು ನೋಡಲು ಟಿಕೆಟ್ ಯಾಕೆ ಎಂದು ನಾನು ಉಳಿದುಕೊಂಡೆ. ನಿಜವಾಗಿ ಉಳಿದದ್ದು ಈ ಕಾಗದಕ್ಕೆ.

ಫೋನು ಇಲ್ಲವೇ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೇ ಮಾತಿಗೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗಾಗುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ ಇದು, ಸಹಿಸಿಕೊಂಡು ಓದು.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಚೋಟುವಿನ ಆ ಕಾಲೇಜಿನ ಫಾರಂಗೆ ನೀನು ಸಹಿ ಹಾಕಬೇಕು. ಇಪ್ಪತ್ತನೇ ತಾರೀಖು ಕೊನೆಯಂತೆ. ಹೊರಡುವ ದಿನ ನಿನ್ನ ಮನೆ ಬಾಗಿಲಲ್ಲಿ ನಿಂತು, "ಇನ್ನೇನು ಬೇಕಾದ್ರೂ ಓದಲಿ. ನಮ್ಮ ಮನೇಲಿ ಇನ್ನೊಬ್ಬಳು ಕತ್ತರಿ ಹಿಡಿಯೋದು ಬೇಡ" ಎಂದೆಯಲ್ಲ, ನನ್ನ ಮುಖ ನೋಡಿಕೊಂಡೇ ಎಂದೆ. ನಾನೂ ಬಿಡಲಿಲ್ಲ. "ಹೊಲಿಗೆ ಕಲಿಯೋಕೆ ಕಾಲೇಜು ಬೇರೆ ಕೇಡು" ಎಂದೆ. ಹುಡುಗಿ ನಮ್ಮಿಬ್ಬರ ನಡುವೆ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಕಾರಿನಲ್ಲಿ ಕೂತ ಮೇಲೆ ಕಿಟಕಿಯ ಕಡೆ ತಿರುಗಿಕೊಂಡವಳು ಏರ್‌ಪೋರ್ಟ್ ಬರುವವರೆಗೆ ಒಂದು ಮಾತಾಡಲಿಲ್ಲ. ನಿನ್ನ ಮಗಳು ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಾನು ಅವಳು ಹುಟ್ಟಿದಾಗಿನಿಂದ ನೋಡಿಲ್ಲ.

ಈಗ ಇಲ್ಲಿಯ ಸುದ್ದಿ. ನಿನ್ನ ತಮ್ಮ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದಾನೆ. ಬೆಳಿಗ್ಗೆ ನೋಡುವುದು, ಮಧ್ಯಾಹ್ನ ಕೊಳ್ಳುವುದು. ನೋಡುವುದು ಅವನ ಖಾತೆ, ಕೊಳ್ಳುವುದು ಸೊಸೆಯ ಖಾತೆ. ನಾನು ಇಬ್ಬರ ಚೀಲವನ್ನೂ ಹಿಡಿದುಕೊಂಡು ಬೆಂಚಿನ ಮೇಲೆ ಕೂರುವವನು. ಗೋಪುರ ಹತ್ತಿಸಿದರು. ಇನ್ನೂರು ಮೆಟ್ಟಿಲಾದ ಮೇಲೆ, "ಮೇಲೆ ಏನಿದೆ?" ಎಂದು ಕೇಳಿದೆ. "ಊರೆಲ್ಲಾ ಕಾಣುತ್ತೆ ಅಪ್ಪ" ಎಂದ. "ಕೆಳಗಿದ್ದಾಗ ಊರೊಳಗೇ ಇದ್ವಲ್ಲೋ" ಎಂದೆ. ಸೊಸೆ ನಕ್ಕಳು. ಒಳ್ಳೆಯವಳು ಅವಳು. ಬ್ಯಾಗಿನ ಹುಚ್ಚು ಒಂದು ಬಿಟ್ಟರೆ ಕೆಟ್ಟ ಗುಣ ಇಲ್ಲ. ಒಂದು ಬ್ಯಾಗಿನ ಅಂಗಡಿಯ ಮುಂದೆ ನಮ್ಮನ್ನೆಲ್ಲ ನಲವತ್ತು ನಿಮಿಷ ಸಾಲಿನಲ್ಲಿ ನಿಲ್ಲಿಸಿದಳು. ದುಡ್ಡು ಕೊಡುವುದಕ್ಕೂ ಸಾಲು ನಿಲ್ಲಬೇಕಾದ ಊರು ಇದು. "ಮಾವ, ಇದು ಲಿಮಿಟೆಡ್ ಎಡಿಷನ್, ಪ್ರಪಂಚದಲ್ಲಿ ಇನ್ನೂರೇ ಇರೋದು" ಎಂದಳು. "ನಿನ್ನ ಗಂಡನೂ ಒಬ್ಬನೇ ಇರೋದು ಕಣಮ್ಮ, ಸ್ವಲ್ಪ ನೋಡ್ಕೊಂಡು" ಎಂದೆ.

ಒಂದು ಅರಮನೆಗೂ ಹೋಗಿದ್ದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಯಾವನೋ ರಾಜನ ಕೋಟು. ಜರಿ ಕೆಲಸ ನೋಡಿ ಎಲ್ಲರೂ ಬಾಯಿ ಬಿಡುತ್ತಿದ್ದರು. ಚೋಟು ಪಕ್ಕಕ್ಕೆ ಹೋಗಿ, ಹಿಂದಕ್ಕೆ ಹೋಗಿ, ಬಗ್ಗಿ ನೋಡಿ ನನ್ನ ಹತ್ತಿರ ಬಂದಳು.

"ತಾತ, ಈ ರಾಜನಿಗೆ ಎಡಭುಜ ಇಳಿದಿತ್ತು ಅಲ್ವಾ? ಹತ್ತಿ ತುಂಬಿ ಮುಚ್ಚಿದಾರೆ."

ಹೋಗಿ ನೋಡಿದೆ. ನಿಜ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಿಲ್ಲ. ಕಾಣ್ತಿದೆಯಲ್ಲ."

ನಲವತ್ತಾರು ವರ್ಷ ಟೇಪು ಕೊರಳಿಗೆ ಹಾಕಿಕೊಂಡವನು ನಾನು. ಹದಿನೇಳರ ಹುಡುಗಿ ನನಗಿಂತ ಮೊದಲು ನೋಡಿದಳು. ಕೋಪ ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ.

ಮೊನ್ನೆ ಮಂಗಳವಾರ ನಡೆದದ್ದು ನಿನ್ನ ತಮ್ಮ ಆಗಲೇ ಫೋನ್ ಮಾಡಿ ಹೇಳಿರುತ್ತಾನೆ, ಅವನ ರೀತಿಯಲ್ಲಿ. ನನ್ನ ರೀತಿಯಲ್ಲಿಯೂ ಕೇಳು. ಅವನಿಗೆ ಒಂದು ಕೋಟು ಬೇಕಿತ್ತು. ನಮ್ಮ ಅಂಗಡಿಯಂಥ ಹತ್ತು ಅಂಗಡಿ ಹಿಡಿಸುವಷ್ಟು ಜಾಗ, ಅದರಲ್ಲಿ ನೇತುಹಾಕಿದ್ದು ಒಂಬತ್ತು ಕೋಟು. ಬಾಗಿಲು ತೆಗೆಯಲು ಒಬ್ಬ, ನೀರು ತರಲು ಒಬ್ಬಳು, ಮುಗುಳ್ನಗಲು ಒಬ್ಬಳು. ನಿನ್ನ ತಮ್ಮ ಬೂದು ಬಣ್ಣದ್ದೊಂದು ಹಾಕಿಕೊಂಡು ಕನ್ನಡಿ ಮುಂದೆ ನಿಂತ. ನಾನು ಹಿಂದೆ ನಿಂತಿದ್ದೆ. ಕೋಟಿನ ಬೆನ್ನ ಕೆಳಗೆ, ಸೀಳು ಬಿಡುವ ಜಾಗದಲ್ಲಿ, ಒಂದನ್ನೊಂದು ಕತ್ತರಿಸುವ ಬಿಳಿ ದಾರದ ಎರಡು ಗೀಟು ಹಾಗೇ ಇದ್ದವು. ನಮ್ಮಲ್ಲಿ ಗಿರಾಕಿ ಹಾಗೆ ನಿಂತಾಗ ಕೊನೆಯ ಕೆಲಸ ಯಾವುದು ಅಂತ ನಿನಗೆ ಗೊತ್ತು. ಹಿಡಿದಿಡಲು ಹಾಕಿದ ಕಚ್ಚಾ ದಾರ ತೆಗೆದುಬಿಟ್ಟರೆ ಕೋಟು ಅವನದಾಯಿತು. ನನ್ನ ಕತ್ತರಿ ಸೂಟ್‌ಕೇಸಿನಲ್ಲಿತ್ತು. ಬಗ್ಗಿದೆ, ಹಲ್ಲಿನಿಂದ ಕಚ್ಚಿದೆ, ಎಳೆದೆ. ಯೋಚನೆ ಮಾಡಿ ಮಾಡಿದ್ದಲ್ಲ. ಬೆನ್ನು ಕಂಡರೆ ನನ್ನ ಬಾಯಿ ತಾನೇ ಅಲ್ಲಿಗೆ ಹೋಗುತ್ತದೆ.

ಮುಗುಳ್ನಗುವವಳ ನಗು ನಿಂತುಹೋಯಿತು. ಮುದುಕನೊಬ್ಬ ಕೋಟು ತಿನ್ನುತ್ತಿದ್ದಾನೆ ಎಂದುಕೊಂಡಳೋ ಏನೋ. ಬಾಗಿಲಿನವನೂ ಬಂದ.

"ಅಪ್ಪ, ಏನ್ ಮಾಡ್ತಿದೀರ? ಇನ್ನೂ ದುಡ್ಡು ಕೊಟ್ಟಿಲ್ಲ" ಎಂದ ನಿನ್ನ ತಮ್ಮ, ಹಲ್ಲು ಕಚ್ಚಿಕೊಂಡು.

"ಹಾಗಾದ್ರೆ ಬೆನ್ನ ಮೇಲೆ ಗುಣಿಸೋ ಗುರುತು ಇಟ್ಕೊಂಡು ಓಡಾಡು."

"ಹೊರಗಡೆ ಬೆಂಚಿದೆ. ಹೋಗಿ ಕೂತ್ಕೊಳ್ಳಿ. ದಯವಿಟ್ಟು."

ಅಪ್ಪನಿಗೆ ದಯವಿಟ್ಟು ಅನ್ನುವ ಮಗ. ಹೊರಟೇಬಿಟ್ಟಿದ್ದೆ. ಅಷ್ಟರಲ್ಲಿ ಅವರು ಒಳಗಿನಿಂದ ತಮ್ಮ ದರ್ಜಿಯನ್ನು ಕರೆಸಿದರು. ನನ್ನದೇ ವಯಸ್ಸು ಇರಬೇಕು, ಕೊರಳಲ್ಲಿ ಟೇಪು. ನೆಲದ ಮೇಲಿದ್ದ ದಾರ ಎತ್ತಿ ನೋಡಿದ, ತುದಿ ನೋಡಿದ, ನನ್ನ ಬಾಯಿ ನೋಡಿದ. ಇಂಗ್ಲಿಷಿನಲ್ಲಿ ಏನೋ ಹೇಳಿದ. ಚೋಟು ನಗು ತಡೆದುಕೊಂಡು, "ಈ ವಯಸ್ಸಲ್ಲೂ ಹಲ್ಲು ಗಟ್ಟಿಯಾಗಿದೆ, ಪುಣ್ಯವಂತರು ಅಂತಾರೆ ತಾತ" ಎಂದಳು. ಅವನು ತನ್ನ ಮೇಲಿನ ಹಲ್ಲಿನ ಸೆಟ್ಟನ್ನೇ ಅಲುಗಾಡಿಸಿ ತೋರಿಸಿದ. ಅಂಗಡಿಯವರ ಮುಖ ನೋಡಬೇಕಿತ್ತು ನೀನು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ನಿನ್ನ ತಮ್ಮನ ಸುತ್ತ ಒಂದು ಸುತ್ತು ಬಂದ. ತೋಳಿನಲ್ಲಿ ಒಂದು ಸುಕ್ಕು ಬೀಳುತ್ತಿತ್ತು, ನಾನೂ ನೋಡಿದ್ದೆ. ಅವನು ತೋಳನ್ನು ಬಿಚ್ಚಿದ. ತೋಳಿನ ತಲೆಯ ಮೇಲೊಂದು ಗುರುತು, ಭುಜದ ಮೇಲೊಂದು ಗುರುತು, ಎರಡನ್ನೂ ಕೂಡಿಸಿ ಹೊಲಿಯಬೇಕು. ನನ್ನ ಮಾಸ್ತರು ನನಗೆ ಕಲಿಸಿದ್ದೂ, ನಾನು ನಿನಗೆ ಕಲಿಸಿದ್ದೂ ಅಷ್ಟೇ. ಅವನು ಗುರುತನ್ನು ನೋಡಲೇ ಇಲ್ಲ. ತೋಳನ್ನು ಅರ್ಧ ಬೆರಳಷ್ಟು ಮುಂದಕ್ಕೆ ತಿರುಗಿಸಿ ಗುಂಡುಸೂಜಿ ಚುಚ್ಚಿದ. ಸುಕ್ಕು ಹೋಯಿತು.

ಗುರುತು ಅಲ್ಲಿದೆ ಎಂದು ನಾನು ಬೆರಳು ಮಾಡಿದೆ. ಅವನು ಹೇಳಿದ್ದನ್ನು ಚೋಟು ಹೇಳಿದಳು. "ಮಾವ ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತು ಕೈ ಮುಂದಕ್ಕೆ ಬಂದಿದೆಯಂತೆ. ಗುರುತು ಬಟ್ಟೇದು, ಕೈ ಮನುಷ್ಯನದು. ಮನುಷ್ಯ ಹೇಗೆ ನಿಲ್ತಾನೋ ಹಾಗೆ ತೋಳು ಇಡಬೇಕಂತೆ." ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮನೂ ಹಾಗೇ ಅಲ್ವಾ ಮಾಡೋದು" ಎಂದಳು.

ನಾನು ಬೆಂಚಿಗೆ ಹೋಗಿ ಕೂತೆ. ಯಾರೂ ಕಳಿಸಲಿಲ್ಲ, ನಾನೇ ಹೋದೆ. ಅವಳೂ ಹಿಂದೆಯೇ ಬಂದಳು.

"ನಿನ್ನಮ್ಮ ಎಲ್ಲಿ ಮಾಡ್ತಾಳೆ? ಅವಳು ಸೂಜಿ ಬಿಟ್ಟು ಇಪ್ಪತ್ತನಾಲ್ಕು ವರ್ಷ ಆಯ್ತು. ಕರೆಂಟ್ ಆಫೀಸಲ್ಲಿ ಬಿಲ್ಲು ತಗೊಳ್ತಾಳೆ."

"ನನ್ನ ಸ್ಕೂಲ್ ಕೋಟು ಪ್ರತಿ ವರ್ಷ ತೋಳು ಬಿಚ್ಚಿ ಮತ್ತೆ ಹೊಲೀತಿದ್ರು ತಾತ. ಅಪ್ಪಂದೂ ಅಷ್ಟೆ. ಅಂಗಡಿಯಿಂದ ತಂದಿದ್ದು ಯಾವುದನ್ನೂ ಹಾಗೇ ಹಾಕಿಸಿಲ್ಲ. ಕೈಯಲ್ಲೇ ಹೊಲಿಯೋದು, ಮಿಷನ್ ಇಲ್ವಲ್ಲ. ಯಾರಾದ್ರೂ ಬಾಗಿಲು ತಟ್ಟಿದ್ರೆ ದಿಂಬಿನ ಕೆಳಗೆ ಹಾಕ್ತಾರೆ."

"ಯಾರು ಬಾಗಿಲು ತಟ್ಟಿದ್ರೆ?"

"ನೀವು" ಎಂದಳು.

ಹುಡುಗಿ ಸುಳ್ಳು ಹೇಳಲು ಕಲಿತಿಲ್ಲ, ಅದೊಂದು ಕಷ್ಟ.

ಸರಿ, ನೀನು ಅಂಗಡಿ ಬಿಟ್ಟ ಆ ದಿನದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ನಿನ್ನಮ್ಮ ಇದ್ದಾಗ ಒಂದು ಸಲ ಎತ್ತಿದಳು, ತಟ್ಟೆ ಬಿಟ್ಟು ಎದ್ದುಹೋದೆ. ಆ ವಾರ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ವಕೀಲರ ಕಪ್ಪು ಕೋಟು ಟ್ರಯಲ್‌ಗೆ ಕೊಡಬೇಕಿತ್ತು. ಹತ್ತೊಂಬತ್ತರ ನೀನು ಒಬ್ಬಳೇ ಕೂತು ಎರಡೂ ತೋಳು ಕಚ್ಚಾ ಹೊಲಿಗೆಯಲ್ಲಿ ಕೂರಿಸಿದ್ದೆ. ಐದನೇ ದಿನ ನಾನು ಅಂಗಡಿಗೆ ಬಂದಾಗ ವಕೀಲರು ಹಾಕಿಕೊಂಡು ನಿಂತಿದ್ದರು. ತೋಳು ಗುರುತಿನಿಂದ ಹಿಂದಕ್ಕೆ ಹೋಗಿತ್ತು. ನಾನು ಎರಡೂ ತೋಳು ಹಿಡಿದು ಕಿತ್ತೆ. ಗಿರಾಕಿಯ ಮುಂದೆ, ಕೆಲಸದವರಿಬ್ಬರ ಮುಂದೆ. "ಗುರುತು ನೋಡೋಕೆ ಕಣ್ಣಿಲ್ಲದವಳು ಕತ್ತರಿ ಯಾಕೆ ಮುಟ್ಟಬೇಕು" ಎಂದೆ. ನೀನು ಕೊರಳಿನ ಟೇಪು ತೆಗೆದು ಮೊಳೆಗೆ ಹಾಕಿ ಹೋದೆ. ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನಾನೂ ಕರೆಯಲಿಲ್ಲ. ಕರೆದರೆ ಬರುತ್ತಿದ್ದೆಯೋ ಏನೋ.

ಮಗಳೇ, ಮೊನ್ನೆ ಆ ದರ್ಜಿಯ ಕೈ ನೋಡಿದ ಮೇಲೆ ತಿಳಿಯಿತು, ನೀನು ಇಟ್ಟದ್ದು ಸರಿ ಇತ್ತು. ವಕೀಲರು ಕೋರ್ಟಿನಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಲ್ಲುವವರು, ಅವರ ಕೈ ಹಿಂದಕ್ಕೇ ಇಳಿಯುತ್ತಿತ್ತು. ನೀನು ಅವರನ್ನು ನೋಡಿದ್ದೆ, ನಾನು ಗುರುತು ನೋಡಿದೆ. ಹೀಗೂ ಒಂದು ರೀತಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಮಾಡಿದ ತಪ್ಪು ಎಂದು ತಿಳಿದುಕೊ. ಕ್ಷಮಿಸು ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ, ಕೈಗಾದರೂ ಬರಲಿ ಎಂದು ಬರೆದಿದ್ದೇನೆ.

ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಅದು ನನಗೆ ಸಲ್ಲಬೇಕಾದ್ದೇ. ಆ ಹುಡುಗಿಯ ಮೇಲೆ ಅದನ್ನು ತೀರಿಸಬೇಡ. ಅವಳಿಗೆ ಕಣ್ಣಿದೆ. ನಿನ್ನಿಂದ ಬಂದದ್ದು, ನನ್ನಿಂದ ಅಲ್ಲ. ಕಾಲೇಜಿನಲ್ಲಿ ಯಾರಾದರೂ ಅವಳ ಹೊಲಿಗೆ ಬಿಚ್ಚಿದರೆ ಯಾಕೆ ಬಿಚ್ಚಿದೆವು ಎಂದು ಹೇಳಿ ಬಿಚ್ಚುತ್ತಾರೆ, ನನ್ನ ಹಾಗಲ್ಲ.

ಕೋಟು ಕೊನೆಗೂ ನಿನ್ನ ತಮ್ಮ ಕೊಂಡ. ತೋಳು ಚೆನ್ನಾಗಿ ಕೂತಿದೆ. ಮೊನ್ನೆಯಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ, ಆದರೆ ಊಟದ ಹೊತ್ತಿಗೆ ನನ್ನ ತಟ್ಟೆಗೆ ಮೊದಲು ಬಡಿಸುತ್ತಾನೆ. ಸೊಸೆ ನಿನಗೊಂದು ಶಾಲು ತೆಗೆದಿದ್ದಾಳೆ. ಬಣ್ಣ ಚೋಟು ಆರಿಸಿದ್ದು. ಬೇಡ ಎಂದು ಹೇಳಿ ಅವಳ ಮನಸ್ಸು ಮುರಿಯಬೇಡ. ನಿನ್ನ ಗಂಡನಿಗೆ ಶುಗರ್ ಮಾತ್ರೆ ಬಿಡಬೇಡ ಎಂದು ಹೇಳು, ಅವನು ನನ್ನ ಮಾತು ಕೇಳುವವನಲ್ಲ.

ನಿನ್ನ ಕೈ ಕಾಲು ಗಟ್ಟಿಯಾಗಿರಲಿ, ಕಣ್ಣು ಈಗ ಇರುವ ಹಾಗೇ ಇರಲಿ. ಇನ್ನೇನು ಹರಸಲಿ.

ನಿನ್ನ
ಅಪ್ಪ

ತಾ.ಕ. ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಮೇಲೆ ಗೊತ್ತಿರಲಿಲ್ಲ ಎಂದು ಬರೆದದ್ದು ಸುಳ್ಳು. ಆ ದಿನ ವಕೀಲರು ಕನ್ನಡಿಯ ಮುಂದೆ ತಿರುಗಿದಾಗಲೇ ನನಗೆ ಕಂಡಿತ್ತು. ಆರು ವರ್ಷದಿಂದ ಅವರಿಗೆ ಹೊಲಿಯುತ್ತಿದ್ದೆ, ಒಂದು ಕೋಟಿನಲ್ಲೂ ತೋಳು ಹಾಗೆ ಕೂತಿರಲಿಲ್ಲ. ಅವರು ನನ್ನ ಕಡೆ ಬಗ್ಗಿ, "ಇದು ಯಾರ ಕೈ ಮಾಸ್ತರೇ? ಬಹಳ ಚೆನ್ನಾಗಿದೆ" ಎಂದರು. ನಿನಗೆ ಕೇಳಿಸಿರಲಿಲ್ಲ. ಅವರು ಇನ್ನೊಂದು ಸಲ ಗಟ್ಟಿಯಾಗಿ ಹೇಳುವ ಮೊದಲೇ ಕಿತ್ತೆ.

ನೀನು ಹೋದ ಮೇಲೆ ಕೆಲಸದವರನ್ನು ಊಟಕ್ಕೆ ಕಳಿಸಿ ಆ ಕೋಟು ತೆಗೆದುಕೊಂಡೆ. ನಿನ್ನ ಬಿಳಿ ದಾರದ ತುಂಡುಗಳು ಬಟ್ಟೆಯಲ್ಲೇ ಉಳಿದಿದ್ದವು. ಅವು ಎಲ್ಲೆಲ್ಲಿ ಇದ್ದವೋ ಅಲ್ಲೇ ತೋಳಿಟ್ಟು ಪಕ್ಕಾ ಹೊಲಿದುಕೊಟ್ಟೆ. ವಕೀಲರು ಹನ್ನೊಂದು ವರ್ಷ ಅದನ್ನೇ ಹಾಕಿಕೊಂಡರು. ಅಂಥದ್ದೇ ಬೇಕು ಎಂದು ಇನ್ನೂ ಎರಡು ಸಲ ಬಟ್ಟೆ ತಂದರು. ಹೊಲಿದೆ. ಆ ಬಟ್ಟೆಗಳಲ್ಲಿ ನಿನ್ನ ದಾರ ಇರಲಿಲ್ಲ. ತೋಳು ಕೂರಲಿಲ್ಲ.